ಕೆಂಪು ಕಾರಿನ ಹೊಟ್ಟೆಯೊಳಗಿನ ಅರಿಶಿಣ

“ಹೊಲಸು ಅಂದ್ರ ಏನಂತ ನಿನಗ ಗೊತ್ತಿಲ್ಲ ಬಿಡ, ಬೀಬಿಜಾನ. ನೀ ಗಟಾರ ನೋಡಿ ಮೂಗು ಮುಚ್ಕೊಂತಿ. ಗಟಾರ ಪಾಪ ಏನ್ ಮಾಡೇತಿ? ‘ನಾ ಹೊಲಸದೀನಿ, ದೂರ ಸರೀರಿ’ ಅಂತ ಹೇಳಿಕೋತನ ಹರೀತೈತಿ. ನಾ ಹೇಳೂದು ಒಳಗಿನ ಹೊಲಸು. ನಿನ್ನಿ ಒಂದು ಕೆಂಪು ಕಾರು ಬಂದೈತಿ ನಮ್ಮ ಗ್ಯಾರೇಜಿಗೆ. ಎರಡ ಮಂದಿ ಕೂಡೂವಂಥಾದ್ದು, ನೆಲಕ್ಕ ಹೊಟ್ಟಿ ಹಚ್ಚಿ ಓಡೂವಂಥಾದ್ದು. ಮ್ಯಾಲಿನ ಬಣ್ಣ ನೋಡಿದ್ರ ಮುಖಾ ನೋಡ್ಕೊಂಡು ಕುಂಕುಮ ಹಚ್ಕೋಬೇಕು, ಹಂಥಾ ಹೊಳಪು. ಬಾನೆಟ್ ಎತ್ತಿದ್ರ, ಅಯ್ಯ ಶಿವನ! ಎಷ್ಟು ಅಮಾಸಿ ಕುಂಕುಮನೋ, ಕರ್ಪೂರದ ಕಾಡಿಗಿನೋ, ಒಡದ ಕಾಯಿ ನೀರೋ, ಅದರ ಮ್ಯಾಲ ಸೋರಿದ ಎಣ್ಣಿನೋ, ಎಲ್ಲಾ ಕೂಡಿ ಹೂರಣ ಹಳಸಿದಂಗ ಆಗೇತಿ. ಉಗುರು ಹಾಕಿದ್ರ ಉಗುರಿನ ಕೂಡ ಎದ್ದು ಬರ್ತೈತಿ. ಅದನ್ನ ಕೆರದು, ನೀರಿನ ಪೈಪ್ ಬಿಚ್ಚಿ ಒಳಗ ಬಟ್ಟು ಹಾಕಿದೆ. ಏನಿತ್ತು ಹೇಳು? ಅರಿಶಿಣ! ನೀನೂ ನಾನೂ ಬ್ಯಾಳಿಗೆ ಹಾಕೂ ಅರಿಶಿಣ. ರೇಡಿಯೇಟರ್ ತೂತು ಬಿದ್ರ ಒಂದು ಮುಟಿಗಿ ಅರಿಶಿಣ ಹಾಕಬೇಕಂತ, ತೂತು ಮುಚ್ಚತೈತಂತ. ಮುಚ್ಚತೈತಿ, ಯಾಕ ಮುಚ್ಚೂದಿಲ್ಲ? ತೂತೂ ಮುಚ್ಚತೈತಿ, ನೀರು ಹೋಗೂ ಹಾದೀನೂ ಮುಚ್ಚತೈತಿ. ಮೂಗು ಸೋರ್ತೈತಿ ಅಂತ ಗಂಟಲಕ್ಕ ಅರಿವಿ ತುರುಕಿದಂಗ. ಬೆಂದು ಬೆಂದು, ಕಬ್ಬಿಣದ ಜಂಗು ಕೂಡಿ, ಎಳೀ ಕೂಸಿನ ಹೇಲಿನ ಬಣ್ಣಕ್ಕ ಬಂದೈತಿ ಅದು. ಕೈ ಮೂರು ಸಲ ತೊಳದೀನಿ. ರೊಟ್ಟಿ ಬಾಯಿಗೆ ಹೋಗವಲ್ದು.”

ಒಂಬತ್ತು ದಿನದ ಮೇಲೆ ಬೆಟಗೇರಿಯ ಆ ಓಣಿಗೆ ನಳದ ನೀರು ಬಂದಿತ್ತು. ಎಲ್ಲರಿಗೂ ಅವಸರ. ಆದರೂ ಕಳಕವ್ವನ ಮಾತು ಮುಗಿಯುವವರೆಗೆ ಬೀಬಿಜಾನ ಕೊಡ ಎತ್ತಲಿಲ್ಲ. ಕೊನೆಗೆ, “ಯವ್ವಾ, ಮುಂಜಾನೆದ್ದು ಅದ್ಯಾಕ ಹೇಳ್ತಿ? ನಾ ಇನ್ನೂ ಚಾ ಕುಡಿದಿಲ್ಲ” ಎಂದು ಮುಖ ಕಿವುಚಿಕೊಂಡು ಹೋದಳು.

ಅರವತ್ತೊಂದು ವರ್ಷದ ಕಳಕವ್ವ ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ ಮಾಡುತ್ತ ಬಂದವಳು. ಬಿಚ್ಚಿದ ಇಂಜಿನ್ನಿನ ಸಾಮಾನು ತೊಳೆಯುವುದು. ಊರಲ್ಲಿ ಬಟ್ಟೆ ತೊಳೆಯುವವರುಂಟು, ಪಾತ್ರೆ ತೊಳೆಯುವವರುಂಟು. ಇಂಜಿನ್ ತೊಳೆಯುವ ಹೆಂಗಸು ಗದಗ ಬೆಟಗೇರಿಯೊಳಗೆ ಅವಳೊಬ್ಬಳೇ.

ಅವಳು ಹುಟ್ಟಿದ್ದು ಶಿಗ್ಲಿಯಲ್ಲಿ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಳು. ಬೆಟಗೇರಿಯ ನೇಕಾರ ನೀಲಪ್ಪನ ಕೈ ಹಿಡಿದು ಬಂದಾಗ ಮನೆಯಲ್ಲಿ ಎರಡು ಮಗ್ಗ ಲಟಕ್ ಪಟಕ್ ಅನ್ನುತ್ತಿದ್ದವು. ಬರಬರುತ್ತ ಒಂದು ನಿಂತಿತು. ಇನ್ನೊಂದು ಇವತ್ತಿಗೂ ನಡೆಯುತ್ತದೆ, ನೀಲಪ್ಪನ ಹಾಗೆ, ಕೆಮ್ಮುತ್ತ. ಮಗ್ಗದ ಕೆಳಗೆ ಬಿದ್ದ ಹಾಳುನೂಲನ್ನು ಕಳಕವ್ವ ಗೋಣಿಚೀಲದಲ್ಲಿ ತುಂಬಿಕೊಂಡು ಗ್ಯಾರೇಜುಗಳಿಗೆ ಮಾರಿ ಬರುತ್ತಿದ್ದಳು. ಕೈ ಒರೆಸಲು, ಇಂಜಿನ್ ಒರೆಸಲು ಮಿಸ್ತ್ರಿಗಳಿಗೆ ಅದೇ ಬೇಕು. ರೈಲು ಹಳಿಯ ಹತ್ತಿರದ ಈಶಪ್ಪ ಮಿಸ್ತ್ರಿಯ ಗ್ಯಾರೇಜಿಗೂ ಹೋದಳು. ಈಶಪ್ಪ ಅವಳನ್ನು ಸುಮ್ಮನೆ ನೋಡುತ್ತ ನಿಂತ. ಅವಳು ಒಂದೊಂದು ಮುದ್ದೆ ನೂಲನ್ನೂ ಬಿಡಿಸಿ, ಝಾಡಿಸಿ, ಒಳಗೆ ತಂತಿಯ ಚೂರು, ಕಲ್ಲಿನ ಹಳ್ಳು ಏನಾದರೂ ಇದೆಯೇ ಎಂದು ಬೆರಳಾಡಿಸಿ ಕೊಡುತ್ತಿದ್ದಳು.

“ಯಾರು ಹೇಳಿದ್ರವ್ವಾ ನಿನಗ ಹಿಂಗ ಹಸನ ಮಾಡಾಕ?”

“ಯಾರ್ ಹೇಳಬೇಕ್ರಿ? ಕಣ್ಣಿಗೆ ಕಸ ಕಂಡ ಮ್ಯಾಲ ಕೈ ಸುಮ್ನ ಕೂಡತೈತೇನ್ರಿ?”

“ನಿನ್ನ ನೂಲು ನನಗ ಬ್ಯಾಡ. ನೂಲಿನ ಎಳಿ ಇಂಜಿನ್ ಒಳಗ ಉಳದ್ರ ಎಣ್ಣಿ ಹಾದಿ ಕಟ್ಟತೈತಿ. ನೀ ಬೇಕು. ನಾಳಿಯಿಂದ ಬಾ.”

ಅಂದು ಹೋದವಳು ಹೋದಳೇ. ಹಿಟ್ಟು ನಾದುವಂಥ ಮೂರು ಅಗಲ ಪರಾತ ಅವಳ ಸಂಸಾರ. ಮೊದಲನೆಯದರಲ್ಲಿ ಹಳೆಯ ಡೀಸೆಲ್, ಅದರಲ್ಲಿ ಮೈಲಿಗೆ ಬಿಡಿಸುವುದು. ಎರಡನೆಯದರಲ್ಲಿ ಸೋಸಿದ ಡೀಸೆಲ್, ಅದರಲ್ಲಿ ಕುಂಚದಿಂದ ಉಜ್ಜುವುದು. ಮೂರನೆಯದರಲ್ಲಿ ಹೊಸದು, ಅದರಲ್ಲಿ ಒಂದೇ ಸಲ ಅದ್ದಿ ಎತ್ತುವುದು. ಆಮೇಲೆ ತೊಳೆದ ಹಳೆಯ ಧೋತರದ ಮೇಲೆ ಸಾಮಾನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸುವುದು, ನೆಂಟರಿಗೆ ಎಡೆ ಬಡಿಸಿದ ಹಾಗೆ. ಈಶಪ್ಪ ಮೊದಲ ದಿನವೇ ಹೇಳಿದ್ದು ಒಂದು ಮಾತು: “ಎರಡೂ ಕಡೆ ಮುಚ್ಚಳ ಇದ್ದ ಬೇರಿಂಗ್ ಮಾತ್ರ ಡೀಸೆಲ್ನಾಗ ಅದ್ದಬ್ಯಾಡ. ಒಳಗಿನ ಗ್ರೀಸ್ ಕರಗಿ ಹೋಗ್ತೈತಿ, ಅದರ ಆಯುಷ್ಯನ ಹೋಗ್ತೈತಿ. ಒಣಾ ಅರಿವಿಲೆ ಒರಸು, ಕಿವೀಗೆ ಹಿಡದು ತಿರುವು. ಒಳಗ ಏನಾಗೇತಿ ಅಂತ ಅದ ಹೇಳತೈತಿ.”

ಅವಳು ಕೇಳುವುದನ್ನು ಕಲಿತಳು. ಒಳ್ಳೆಯ ಬೇರಿಂಗು ಬೆಣ್ಣೆ ಕಡೆದಂತೆ ಸಪ್ಪಳಿಲ್ಲದೆ ತಿರುಗುತ್ತದೆ. ಕೆಟ್ಟದ್ದು ಬೀಸುವ ಕಲ್ಲಿಗೆ ಕಾಳಿನ ಕೂಡ ಹಳ್ಳು ಸಿಕ್ಕಂತೆ ಕರ್ ಕರ್ ಅನ್ನುತ್ತದೆ.

ಈಶಪ್ಪನ ಇನ್ನೊಂದು ಮಾತೂ ಗ್ಯಾರೇಜಿನ ಗೋಡೆಯ ಹಾಗೆ ಗಟ್ಟಿಯಾಗಿತ್ತು. “ಸುಣ್ಣ ಹಚ್ಚಾಕ ಅಂತ ಪೆಟಿಗಿ ಸರಿಸಿದ ಮ್ಯಾಲ ಅದರ ಹಿಂದಿನ ಇಲಿ ಬಿಲಾನೂ ಮುಚ್ಚಿ ಬಿಡಬೇಕು. ಮತ್ತೊಮ್ಮೆ ಪೆಟಿಗಿ ಯಾರು ಸರಸ್ತಾರ?” ಒಂದು ಸಾಮಾನು ಬದಲಿಸಲು ಇಂಜಿನ್ ಬಿಚ್ಚಿದರೆ ಅದರ ಬಗಲಿನದ್ದನ್ನೂ ನೋಡುತ್ತಿದ್ದ, ಇನ್ನೊಂದು ವರ್ಷ ತಾಳದು ಅನ್ನಿಸಿದರೆ ಅದನ್ನೂ ಬದಲಿಸುತ್ತಿದ್ದ. ಗಿರಾಕಿ ಎಷ್ಟು ಕೂಗಿದರೂ ಸೈ.

ಈಶಪ್ಪನ ಮಗ ಸುಭಾಸನಿಗೆ ಈ ಮಾತು ಬರಲಿಲ್ಲ. ಅವನಿಗೆ ಬಂದದ್ದು ಬೇರೆ ಒಂದು ಮಾತು: “ನಡೀತೈತಿ ಬಿಡ.”

ಈ ಲೋಕದಲ್ಲಿ ಕಳಕವ್ವನಿಗೆ ಅಸಹ್ಯವಾದದ್ದು ಯಾವುದು ಅಂದರೆ, ಗ್ರೀಸಲ್ಲ, ಕೊಳೆತ ಎಣ್ಣೆಯಲ್ಲ, ಸುಭಾಸ ಪರಾತದ ಬದಿಗೇ ಪಿಚಕ್ಕನೆ ಉಗುಳುವ ಗುಟ್ಕಾ ಕೂಡ ಅಲ್ಲ. ಈ “ನಡೀತೈತಿ ಬಿಡ” ಎಂಬ ಮಾತು. ಸವೆದ ಬೋಲ್ಟಿಗೆ ನೂಲು ಸುತ್ತಿ “ನಡೀತೈತಿ.” ಸೋರುವ ಜಾಗಕ್ಕೆ ಸಾಬೂನು ತುಂಬಿ “ನಡೀತೈತಿ.” ಹರಿದ ಪೈಪಿಗೆ ಸೈಕಲ್ಲಿನ ಟ್ಯೂಬು ಕಟ್ಟಿ “ನಡೀತೈತಿ.” 

ಅಸಹ್ಯದೊಳಗೆ ಅವಳ ಪಾಲೂ ಒಂದಿಷ್ಟಿತ್ತು. ಅದನ್ನು ಅವಳು ನಳದ ಮುಂದೆ ಹೇಳುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಹಿರೇವಡ್ಡಟ್ಟಿಯ ಒಂದು ಮ್ಯಾಕ್ಸಿಕ್ಯಾಬು ಬಂದಿತ್ತು. ಈಶಪ್ಪ ಊರಲ್ಲಿರಲಿಲ್ಲ. ಇಂಜಿನ್ನಿನ ಕೆಳಗಿನ ಗಾಲಿಗೂ ಮೇಲಿನ ಗಾಲಿಗೂ ತಾಳ ಹೊಂದಿಸುವ ಹಲ್ಲಿನ ಪಟ್ಟಿಯೊಂದು ಇರುತ್ತದೆ, ಟೈಮಿಂಗ್ ಬೆಲ್ಟು ಅನ್ನುತ್ತಾರೆ. ಅದು ಹರಿದರೆ ತಾಳ ತಪ್ಪಿ ಮೇಲಿನ ವಾಲ್ವುಗಳು ಕೆಳಗಿನ ಪಿಸ್ಟನ್ನಿಗೆ ಹೋಗಿ ಬಡಿಯುತ್ತವೆ. ಆ ಬೆಲ್ಟನ್ನು ಒರೆಸುವಾಗ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಅವಳ ಉಗುರಿಗೆ ಸಿಕ್ಕಿತು. ಅವಳು ಬಾಯಿ ತೆರೆಯುವ ಮೊದಲೇ ಸುಭಾಸ “ನಡೀತೈತಿ” ಎಂದು ಕಸಿದುಕೊಂಡು ಏರಿಸಿದ. ತೊಳೆಯುವಾಕಿ ನಾನು, ನನಗ್ಯಾಕೆ ಎಂದು ಅವಳು ಸುಮ್ಮನಾದಳು. ಹತ್ತು ದಿನಕ್ಕೆ ಡಂಬಳದ ಆಚೆ, ಮದುವೆಗೆ ಹೊರಟ ಹದಿನಾಲ್ಕು ಮಂದಿಯನ್ನು ತುಂಬಿಕೊಂಡ ಆ ಗಾಡಿ ಬೆಲ್ಟು ಹರಿದು ನಡುಹಾದಿಯಲ್ಲೇ ನಿಂತಿತು. ಹಿಂದಿನ ಲಾರಿ ಹೇಗೋ ಬದಿಗೆ ಎಳೆದುಕೊಂಡಿತು, ಜೀವ ಉಳಿದವು. ಇಂಜಿನ್ನಿನ ವಾಲ್ವು ಉಳಿಯಲಿಲ್ಲ. ಈಶಪ್ಪ ಗಾಡಿಯನ್ನು ಎಳೆಸಿಕೊಂಡು ಬಂದು, ಯಾರನ್ನೂ ಬೈಯದೆ, ಹದಿನಾರು ವಾಲ್ವನ್ನೂ ತಾನೇ ಕೂತು ಬದಲಿಸಿದ. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ:

“ಕಳಕವ್ವ, ನಿನಗ ಗೊತ್ತಿತ್ತೇನ?”

“ಇಲ್ರಿ” ಎಂದಳು ಕಳಕವ್ವ.

ಅವನು ನಂಬಿದ. ಮರುವರ್ಷ ತೀರಿಕೊಂಡ. ಆ ‘ಇಲ್ರಿ’ ಮಾತ್ರ ಅವಳ ಬಾಯಲ್ಲಿ ಇವತ್ತಿಗೂ ಡೀಸೆಲ್ಲಿನ ರುಚಿಯ ಹಾಗೆ ಉಳಿದಿತ್ತು. ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗುತ್ತಿರಲಿಲ್ಲ.

ಕೆಂಪು ಕಾರು ಬಂದದ್ದು ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ. ಲಕ್ಷ್ಮೇಶ್ವರದ ಹೊನ್ನೇಶ, ಅರಳೆ, ಮೆಣಸಿನಕಾಯಿ ವ್ಯಾಪಾರದವನು, ಗೋವಾದ ಯಾರದೋ ಕಡೆಯಿಂದ ಅದನ್ನು ಕೊಂಡು ತಂದಿದ್ದ. ಮೂವತ್ತು ವರ್ಷ ಹಳೆಯ ಪರದೇಶದ ಗಾಡಿ. ಹೊನ್ನೇಶನ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಕೂರಲು ಒಬ್ಬರು ನೂಕಬೇಕು, ಏಳಲು ಇಬ್ಬರು ಎಳೆಯಬೇಕು. ಆದರೂ ಶಿರಹಟ್ಟಿ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಅವನಿಗೆ ಊಟ ಬೇಡವಾಗುತ್ತಿತ್ತು. ಇತ್ತೀಚೆಗೆ ಗದಗ ಮುಟ್ಟುವುದರೊಳಗೆ ಕಾರು ಎರಡು ಸಲ ಕುದಿದು ಹೊಗೆ ಉಗುಳುತ್ತಿತ್ತು.

“ಅರಿಶಿಣ ಹಾಕಿಕೋತ ಬಂದೀನಿ” ಎಂದ ಹೊನ್ನೇಶ, ಹಿತವಾದ ಔಷಧ ಮಾಡಿದವನ ಹಾಗೆ. “ನಮ್ಮಪ್ಪ ಟ್ರ್ಯಾಕ್ಟರಿಗೆ ಇದನ್ನ ಹಾಕತಿದ್ದ. ಏಳು ಪಾಕೀಟು ಆದ್ವು. ಮೊದಲ ಹಿಡೀತಿತ್ತು, ಈಗ ಹಿಡೀವಲ್ದು.”

ಕಳಕವ್ವ ಪರಾತದ ಮುಂದಿನಿಂದಲೇ ಅಂದಳು: “ಏಳು ಪಾಕೀಟಿನಾಗ ಒಂದು ಓಣಿ ಮದಿವಿನ ಆಗತಿತ್ತಲ್ರಿ, ಸಾವಕಾರ್ರ.”

ಹೊನ್ನೇಶ ನಕ್ಕ. ಅವನ ಜೊತೆ ಬಂದ ಮಗಳು ಕಾವೇರಿ ಅಪ್ಪನಿಗಿಂತ ಜೋರಾಗಿ ನಕ್ಕಳು. ಇಪ್ಪತ್ತೈದರ ಹುಡುಗಿ, ಕಾರವಾರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಅಮಾವಾಸ್ಯೆಯ ದಿನ ಕಾರಿಗೆ ಪೂಜೆ ಮಾಡಿ, ಮರುದಿನ ತಾನೇ ಓಡಿಸಿಕೊಂಡು ಅರಬೈಲು ಘಟ್ಟ ಇಳಿದು ಹೋಗುವವಳು. ಅದಕ್ಕೇ ಈ ಅವಸರ.

ಸುಭಾಸ ನೋಡಿ ಹೇಳಿದ: ನೀರು ತಿರುಗಿಸುವ ವಾಟರ್ ಪಂಪು ಹೋಗಿದೆ, ಅದೊಂದು ಬದಲಿಸಿದರೆ ಆಯಿತು. ಪಂಪು ಹುಬ್ಬಳ್ಳಿಯ ಒಬ್ಬನ ಹತ್ತಿರ ಸಿಕ್ಕಿತು. ಆದರೆ ಆ ಇಂಜಿನ್ನಿನಲ್ಲಿ ಪಂಪಿಗೆ ಕೈ ಹಾಕಬೇಕಾದರೆ ಟೈಮಿಂಗ್ ಬೆಲ್ಟು ಇಳಿಸಬೇಕು, ಬೆಲ್ಟನ್ನು ಬಿಗಿ ಹಿಡಿಯುವ ಸಣ್ಣ ಗಾಲಿ ಇಳಿಸಬೇಕು. ಈಶಪ್ಪನ ಮಾತಿನ ಪ್ರಕಾರ, ಪೆಟ್ಟಿಗೆ ಸರಿಸಿದಂತೆಯೇ ಆಯಿತು.

ಸಾಮಾನು ಒಂದೊಂದಾಗಿ ಪರಾತಕ್ಕೆ ಬಂತು. ಪಂಪಿನ ರೆಕ್ಕೆಗಳು ಗೆದ್ದಲು ತಿಂದ ಬಾಗಿಲಿನ ಹಾಗಾಗಿದ್ದವು. ನೀರಿನ ಹಾದಿ ತೆರೆದು ಮುಚ್ಚುವ ಥರ್ಮೋಸ್ಟಾಟಿನ ಮನೆಯೊಳಗೆ ಹಳದಿ ಕೆಸರು ಗಟ್ಟಿಯಾಗಿ ಕೂತು, ಚಮಚೆಯಿಂದ ತೆಗೆದರೆ ಪಳಕ್ ಅಂತ ಬಿದ್ದು ನಾರಿತು. ಕಳಕವ್ವ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೆರೆದಳು, ಉಜ್ಜಿದಳು. ಕಾವೇರಿ ಒಂದು ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳು. ಇಪ್ಪತ್ತಾರು ವರ್ಷದಲ್ಲಿ ಆ ಪರಾತದ ಹತ್ತಿರ ಬಂದು ಕೂತ ಗಿರಾಕಿ ಅವಳೊಬ್ಬಳೇ.

“ಇದೇನ್ರಿ ಅವ್ವಾರ?”

“ಇದು ಎಣ್ಣಿ ತಡಿಯೂ ಸೀಲು. ನೋಡು, ಉಗುರು ಒತ್ತು. ರಬ್ಬರ್ ಅಂದ್ರ ಮೆತ್ತಗಿರಬೇಕು. ಇದು ಸುಟ್ಟ ಹಪ್ಪಳದಂಗ ಆಗೇತಿ. ಇವತ್ತಲ್ಲ ನಾಳಿ ಎಣ್ಣಿ ಬಿಡತೈತಿ, ಬಿಟ್ರ ಬೆಲ್ಟಿನ ಮ್ಯಾಲ ಬೀಳತೈತಿ.”

“ಇದು?”

ಕಳಕವ್ವ ಬಿಗಿಗಾಲಿಯನ್ನು ಒಣ ಬಟ್ಟೆಯಿಂದ ಒರೆಸಿ ಕಿವಿಗೆ ಹಿಡಿದು ತಿರುವಿದಳು. ಆಮೇಲೆ ಕಾವೇರಿಯ ಕಿವಿಗೆ ಹಿಡಿದಳು.

“ಕರ್ ಕರ್ ಅಂತೈತ್ರಿ.”

“ಹೂಂ. ಹಳ್ಳು ಬೀಸಾಕತ್ತೈತಿ.”

ಅವಳು ಎದ್ದು ಸುಭಾಸನ ಹತ್ತಿರ ಹೋದಳು. “ಸುಭಾಸಪ್ಪ, ಈ ಗಾಲಿ ಹೋಗೇತಿ. ಸೀಲೂ ಹೋಗ್ಯಾವು. ಬೆಲ್ಟಿನ ಬೆನ್ನು ಕನ್ನಡಿಯಂಗ ಹೊಳ್ಯಾಕತ್ತೈತಿ, ಹಳೇದಾದ್ರನ ಹಂಗ ಹೊಳಿಯೂದು. ಹೆಂಗೂ ಬಿಚ್ಚೀದಿ, ಎಲ್ಲಾ ಹೊಸಾದು ಹಾಕಿಬಿಡು.”

“ಇವು ಮುಂಬೈಯಿಂದ ಬರಬೇಕು, ಆರು ದಿನ. ಅಮಾಸಿಗೆ ಇನ್ನ ಮೂರ ದಿನ. ನಡೀತೈತಿ ಬಿಡ.”

“ನಡೀತೈತಿ ಅಂದದ್ದು ಡಂಬಳದ ತನಕಾನ ನಡದಿತ್ತು.”

ಸುಭಾಸನ ಮುಖ ಕೆಂಪಾಯಿತು. ಗುಟ್ಕಾ ಉಗುಳಿ ಬಂದು ಹೇಳಿದ: “ನೋಡ ಕಳಕವ್ವ. ನಮ್ಮಪ್ಪ ಇಟ್ಕೊಂಡಿದ್ದ ಅಂತ ನಿನ್ನ ಇಟ್ಕೊಂಡೀನಿ. ತೊಳಿಯೂದು ನಿನ್ನ ಕೆಲಸ, ಹೇಳೂದು ಅಲ್ಲ. ಇನ್ನೊಮ್ಮೆ ಗಿರಾಕಿ ಮುಂದ ಬಾಯಿ ಬಿಟ್ರ ಪರಾತ ಬ್ಯಾರೆದವರಿಗೆ ಕೊಡ್ತೀನಿ.”

ಹೊನ್ನೇಶ ಸಂಜೆ ಮುಂದೆ ಬಂದಾಗ ಕಳಕವ್ವ ಅವನಿಗೂ ಹೇಳಿದಳು, ಸುಭಾಸನ ಮುಂದೆಯೇ. ಹೇಳಬಾರದಿತ್ತು ಎಂದು ಅವಳಿಗೂ ಗೊತ್ತಿತ್ತು.

“ಅವ್ವಾರ, ನೀವ ಡಾಕ್ಟರ್ ಏನ್ರಿ?” ಎಂದ ಹೊನ್ನೇಶ. “ಬ್ಯಾನಿ ಇದ್ದ ಹಲ್ಲು ಕೀಳ್ರಿ ಅಂದ್ರ ಇಡೀ ದವಡಿನ ಕೀಳಾಕ ಬಂದೀರಲ್ಲ. ಪಂಪ್ ಒಂದು ಹಾಕ್ರಿ. ಉಳದದ್ದು ದೇವ್ರು ನೋಡ್ಕೋತಾನ. ಅಮಾಸಿ ಅಮಾಸಿಗೆ ಕಾಯಿ ಒಡೀತೀನಲ್ಲ?”

“ಒಡದ ನೀರು ಬೆಲ್ಟಿನ ಮ್ಯಾಲ ಹೋಗೇತ್ರಿ. ದೇವ್ರಿಗೆ ಹೋಗಿಲ್ಲ.”

ಸುಭಾಸ ಹಲ್ಲು ಕಚ್ಚಿ ಅವಳನ್ನು ನೋಡಿದ. ಹೊನ್ನೇಶ ಹೊರಟುಹೋದ. ಕಾವೇರಿ ಹೋಗುವಾಗ ಹಿಂತಿರುಗಿ ಪರಾತದ ಕಡೆ ನೋಡಿದಳು.

ಮರುದಿನ ಮುಂಜಾನೆ ಹೊಸ ಪಂಪು ಬಂತು. ಸುಭಾಸ ಅದನ್ನು ಕೂರಿಸಿದ. “ಒರೆಸಿದ್ದೆಲ್ಲಾ ಕೊಡು, ಏರಸ್ತೀನಿ. ಮಧ್ಯಾನಕ್ಕ ಚಾಲೂ ಮಾಡೂಣು” ಎಂದು ಕೈ ತೊಳೆಯಲು ಹೋದ. ಕಳಕವ್ವನ ಮುಂದೆ ಧೋತರದ ಮೇಲೆ ಸಾಮಾನು ಸಾಲಾಗಿ ಕೂತಿತ್ತು. ಎಲ್ಲ ಥಳಥಳ. ಅಷ್ಟು ಥಳಥಳ ಮಾಡಿದ್ದಕ್ಕೆ ಅವಳಿಗೆ ತನ್ನ ಕೈಯ ಮೇಲೇ ಹೇಸಿಗೆ ಬಂತು. ಒಳಗೆ ಸತ್ತದ್ದಕ್ಕೆ ಹೊರಗೆ ಸಿಂಗಾರ ಮಾಡುವುದೂ ಒಂದು ಕೆಲಸವೇ? ಬಾನೆಟ್ಟಿನ ಮೇಲೆ ಕುಂಕುಮ ಹಚ್ಚುವವರಿಗೂ ತನಗೂ ಏನು ಭೇದ?

ಬಿಗಿಗಾಲಿ ಎತ್ತಿಕೊಂಡಳು. ಕಿವಿಗೆ ಹಿಡಿದಳು. ಕರ್ ಕರ್. ಅರಬೈಲು ಘಟ್ಟವನ್ನು ಅವಳು ಕಂಡವಳಲ್ಲ. ಆದರೆ ಘಟ್ಟದ ಇಳಿಜಾರಿನಲ್ಲಿ ಇಂಜಿನ್ ಸತ್ತರೆ ಬ್ರೇಕು ಕಲ್ಲಿನಂತಾಗುತ್ತದೆ ಎಂದು ಲಾರಿಯವರು ಹೇಳುವುದನ್ನು ನೂರು ಸಲ ಕೇಳಿದ್ದಳು. ಪರಾತ ಹೋದರೆ ಮನೆಯಲ್ಲಿ ಕೆಮ್ಮುವ ಮಗ್ಗ ಒಂದು, ಕೆಮ್ಮುವ ನೀಲಪ್ಪ ಒಬ್ಬ. ಅದನ್ನೂ ನೆನೆಸಿದಳು.

ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು. ಮುಚ್ಚಳದ ಬೇರಿಂಗಿದ್ದ ಆ ಗಾಲಿಯನ್ನು ಮೊದಲ ಪರಾತದ ಕರಿ ಡೀಸೆಲ್ಲಿನಲ್ಲಿ ಮುಳುಗಿಸಿದಳು. ಅದರ ಬಾಯಿಯಿಂದ ಗುಳುಗುಳು ಗುಳ್ಳೆ ಎದ್ದವು. ಗುಳ್ಳೆ ನಿಲ್ಲುವವರೆಗೂ ಬೆರಳಿನಿಂದ ಒತ್ತಿ ಹಿಡಿದಳು.

ಸುಭಾಸ ಬಂದವನು ಪರಾತ ನೋಡಿ ನಿಂತುಬಿಟ್ಟ. ಗಾಲಿ ಎತ್ತಿ ಓರೆ ಮಾಡಿದ. ಮುಚ್ಚಳದ ಅಂಚಿನಿಂದ ಕರಗಿದ ಗ್ರೀಸಿನ ಕೂಡ ಡೀಸೆಲ್ ತೊಟತೊಟ ಸೋರಿತು. ಇನ್ನು ಅದನ್ನು ಯಾವ ಮಿಸ್ತ್ರಿಯೂ, “ನಡೀತೈತಿ” ಅನ್ನುವ ಮಿಸ್ತ್ರಿಯೂ, ಏರಿಸುವಂತಿರಲಿಲ್ಲ.

“ಏನ್ ಮಾಡಿಬಿಟ್ಟಿ ಇದು? ಮುಚ್ಚಳದ ಬೇರಿಂಗ್! ಡೀಸೆಲ್ನಾಗ!” ಅವನ ದನಿ ಏರಿತು. ಆಮೇಲೆ ಇಳಿಯಿತು. ಅವನಿಗೂ ಗೊತ್ತಿತ್ತು, ಇದು ಅವಳು ಮಾಡುವ ತಪ್ಪಲ್ಲ ಎಂದು. “ಕಳಕವ್ವ, ಬೇಕಂತ ಮಾಡಿದೇನ?”

ಕಣ್ಣು ಮಂಜಾಗೇತಪ್ಪ, ವಯಸ್ಸಾತು, ಕೈ ತಪ್ಪಿತು ಎಂದು ಹೇಳಬೇಕೆಂದು ಅವಳು ಯೋಚಿಸಿಟ್ಟುಕೊಂಡಿದ್ದಳು. ಆದರೆ ಪ್ರಶ್ನೆ ಅವನ ಅಪ್ಪ ಕೇಳಿದ ದನಿಯಲ್ಲೇ ಬಂದಿತ್ತು. ಹಿಂದೆ ‘ಇಲ್ರಿ’ ಅಂದ ಬಾಯಿ ಈಗ ಇನ್ನೊಮ್ಮೆ ಅದನ್ನು ಅನ್ನಲಿಲ್ಲ.

“ಹೂಂ. ಬೇಕಂತ ಮಾಡೀನಿ.”

“ಏನಂದಿ?”

“ಬೇಕಂತನ ಮಾಡೀನಿ. ಡಂಬಳದ ಗಾಡೀದೂ ನನಗ ಗೊತ್ತಿತ್ತು. ನಿಮ್ಮಪ್ಪ ಕೇಳಿದಾಗ ಗೊತ್ತಿಲ್ಲ ಅಂದೆ. ಆ ಹೇಸಿಗಿ ಒಂದು ಸಾಕು ನನಗ.”

ಸುಭಾಸ ಗಾಲಿಯನ್ನು ಪರಾತಕ್ಕೆ ಎಸೆದ. ಡೀಸೆಲ್ ಅವಳ ಮುಖಕ್ಕೆ ಸಿಡಿಯಿತು. “ನಾಳಿಯಿಂದ ಬರಬ್ಯಾಡ! ಇವತ್ತ, ಈಗ ಹೋಗು! ಹೊನ್ನೇಶ ಸಾವಕಾರಗ ನಾ ಏನ್ ಬಾಯಿ ತೋರಸ್ಲಿ? ಒಂದು ಗಾಲಿ ಸಲುವಾಗಿ ಮುಂಬೈಗೆ ಫೋನ್ ಹಚ್ಚಬೇಕೇನ ನಾ?”

“ಹೆಂಗೂ ಹಚ್ಚತಿ. ಬೆಲ್ಟೂ ಸೀಲೂ ಹೇಳು” ಎಂದಳು ಅವಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಬೆಲ್ಟನ್ನ ಹಿಂದಕ್ಕ ಮಡಚಿ ನೋಡು ಒಮ್ಮೆ. ನಾ ಹೋದ ಮ್ಯಾಲನ ನೋಡು.”

ಅವಳು ಮೂರು ಪರಾತವನ್ನೂ ಬೋರಲು ಹಾಕದೆ, ಮುಚ್ಚಳ ಮುಚ್ಚಿ, ಕುಂಚ ತೊಳೆದಿಟ್ಟು, ಚಪ್ಪಲಿ ಹಾಕಿಕೊಂಡಳು. ಅಷ್ಟರಲ್ಲೇ ಸುಭಾಸ ಸಿಟ್ಟಿನಲ್ಲಿ ಬೆಲ್ಟನ್ನು ಎಳೆದುಕೊಂಡು, ಇವಳದ್ದು ಸುಳ್ಳು ಎಂದು ತೋರಿಸುವವನಂತೆ, ಹಲ್ಲು ಹೊರಗಾಗುವ ಹಾಗೆ ಮಡಚಿದ. ಹಲ್ಲುಗಳ ಬುಡ ಒಂದೊಂದೂ ಬಾಯಿ ಬಿಟ್ಟಿತು, ಬ್ಯಾಸಗೆಯ ಎರೆ ಹೊಲ ಬಿರಿದ ಹಾಗೆ. ಒಳಗಿನ ದಾರ ಬೆಳ್ಳಗೆ ಕಂಡಿತು. ಎರಡು ಹಲ್ಲು ಅವನ ಅಂಗೈಯಲ್ಲೇ ಉದುರಿದವು.

ಕಳಕವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ಬಾಯಲ್ಲಿದ್ದ ಗುಟ್ಕಾ ಅಗಿಯುವುದನ್ನು ಮಾತ್ರ ಬಿಟ್ಟಿದ್ದ. ಅವಳು ಮನೆಗೆ ನಡೆದಳು.

ಮರುದಿನ ಮುಂಜಾನೆ ಹೋಗಬಾರದೆಂದೇ ಕೂತಿದ್ದಳು. ಆದರೆ ಡೀಸೆಲ್ ಒಂದು ದಿನ ಸೋಸದಿದ್ದರೆ ರಾಡಿ ತಳದಿಂದ ಎದ್ದು ಎಲ್ಲಾ ಕೆಡುತ್ತದೆ. ಅದು ನೆನಪಾಗಿ ಅವಳಿಗೆ ಕೂರಲಾಗಲಿಲ್ಲ. “ಬರಬ್ಯಾಡ ಅಂದವನ ಮನಿಗೆ ಹೋಗಾಕ ನಾಚಿಕಿ ಇಲ್ಲೇನ ನಿನಗ?” ಎಂದ ನೀಲಪ್ಪ ಮಗ್ಗದ ಕುಣಿಯೊಳಗಿನಿಂದ. “ಅವನ ಮನಿಗಲ್ಲ, ನನ್ನ ಪರಾತಕ್ಕ ಹೊಂಟೀನಿ” ಎಂದು ಹೋದಳು. ಸುಭಾಸ ಅವಳನ್ನು ನೋಡಿದ. ಬರಬ್ಯಾಡ ಅಂದವನು ಬಂದಿ ಯಾಕೆ ಎನ್ನಲಿಲ್ಲ. ಅವಳ ಜಾಗದಲ್ಲಿ ಒಂದು ಟ್ರ್ಯಾಕ್ಟರಿನ ಗೇರು ಮೈತುಂಬ ಮಸಿ ಬಳಿದುಕೊಂಡು ತಯಾರಾಗಿ ಕೂತಿತ್ತು. ಅವಳಿಗಾಗಿಯೇ ಇಟ್ಟದ್ದು. ಇಟ್ಟೆ ಎಂದು ಹೇಳುವ ಬಾಯಿ ಅವನಿಗಿರಲಿಲ್ಲ.

ಅವನು ಫೋನಿನಲ್ಲಿದ್ದ. “ಇಲ್ರಿ ಸಾವಕಾರ್ರ, ನಾನ ಚೆಕ್ ಮಾಡಿ ನೋಡಿದ್ನಿ. ನನಗ ಮೊದಲ ಡೌಟ್ ಬಂದಿತ್ತು. ಬೆಲ್ಟು ಕೈಯಾಗ ಹರೀತ್ರಿ. ಹೌದ್ರಿ... ನಮ್ಮಪ್ಪ ಹೇಳತಿದ್ನಲ್ರಿ, ಪೆಟಿಗಿ ಸರಿಸಿದಾಗ ಇಲಿ ಬಿಲಾನೂ ಮುಚ್ಚಬೇಕು ಅಂತ...”

ಈಶಪ್ಪನ ಮಾತು ಆ ಬಾಯಲ್ಲಿ, ಗುಟ್ಕಾದ ಕೂಡ, ಹೊರಳಾಡುವುದನ್ನು ಕೇಳಿ ಕಳಕವ್ವ ಅವನಿಗೆ ಬೆನ್ನು ಮಾಡಿ ಕೂತಳು. ಸೆರಗು ಮೂಗಿಗೆ ಕಟ್ಟಿ ಗೇರು ಎಳೆದುಕೊಂಡಳು.

ಅಮಾವಾಸ್ಯೆಯ ದಿನ ಹೊನ್ನೇಶ ಪೂಜೆ ಬಿಡಲಿಲ್ಲ. ಕಾರು ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡೇ ನಿಂತಿತ್ತು. ಅಲ್ಲಿಗೇ ಹೂವು ಕಾಯಿ ಕರ್ಪೂರ ಹಿಡಿದುಕೊಂಡು ಬಂದ. ಅವನು ಇಂಜಿನ್ನಿನ ಮೇಲೆ ಕಾಯಿ ಎತ್ತುವುದಕ್ಕೂ ಕಳಕವ್ವ ತಾಡಪತ್ರಿ ಎಳೆದು ಮುಚ್ಚುವುದಕ್ಕೂ ಸರಿಹೋಯಿತು.

“ಹೊರಗ ಒಡೀರಿ, ಕಲ್ಲಿನ ಮ್ಯಾಲ.”

“ದೇವ್ರ ಕೆಲಸಕ್ಕ ಅಡ್ಡ ಬರಬಾರದ್ರಿ ಅವ್ವಾರ.”

“ದೇವ್ರ ಬಂದು ತೊಳಿಯೂದಿಲ್ರಿ. ನಾ ತೊಳಿಯೂದು.”

ಹೊನ್ನೇಶ ಕಲ್ಲಿನ ಮೇಲೆ ಒಡೆದ. ಕಾವೇರಿ ಬಾಯಿಗೆ ಓಢಣಿ ಒತ್ತಿಕೊಂಡು ನಗು ತಡೆದಳು. ಅವಳು ಕಾರವಾರಕ್ಕೆ ಬಸ್ಸಿನಲ್ಲೇ ಹೋಗಿ ಕೆಲಸಕ್ಕೆ ಹಾಜರಾಗಿ, ಶನಿವಾರ ಮರಳಿ ಬಂದಳು. ಅಷ್ಟೊತ್ತಿಗೆ ಮುಂಬಯಿಯ ಸಾಮಾನು ಬಂದಿತ್ತು. ಬೆಲ್ಟು, ಗಾಲಿ, ಸೀಲು, ಪೈಪು, ಥರ್ಮೋಸ್ಟಾಟು, ಎಲ್ಲಾ ಹೊಸದು. ರೇಡಿಯೇಟರಿನ ಹಳದಿ ಕೆಸರು ಹೋಗುವವರೆಗೆ ಕಳಕವ್ವ ಪೈಪು ಹಿಡಿದು ನಾಲ್ಕು ತಾಸು ನೀರು ಹಾಯಿಸಿದಳು. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಮಬ್ಬು, ಕೊನೆಗೆ ತಿಳಿ. ಸೋರುತ್ತಿದ್ದ ತೂತು ಅಷ್ಟರಲ್ಲಿ ಕಣ್ಣಿಗೆ ಬಿತ್ತು, ಸಾಸಿವೆ ಕಾಳಿನಷ್ಟು. ಬೆಸುಗೆ ಹಾಕುವುದಕ್ಕೆ ಸುಭಾಸನಿಗೆ ಅರ್ಧ ತಾಸೂ ಹಿಡಿಯಲಿಲ್ಲ.

ಚಾಲೂ ಮಾಡಿದಾಗ ಇಂಜಿನ್ ಗುರ್ ಎಂದು ಎದ್ದು, ಆಮೇಲೆ ಒಂದೇ ದನಿಗೆ ಕೂತಿತು. ಕಳಕವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಒಳಗೆಲ್ಲೂ ಹಳ್ಳು ಇರಲಿಲ್ಲ.

“ಕೈ ಅಂದ್ರ ಸುಭಾಸಂದು!” ಎಂದು ಹೊನ್ನೇಶ ಬೆನ್ನು ತಟ್ಟಿದ. ಸುಭಾಸ ಹಲ್ಲು ಕಿರಿದ. ಕಳಕವ್ವನ ಕಡೆ ಒಂದು ಸಲ ಕಣ್ಣು ಹರಿಸಿ ಮತ್ತೆ ಬೇರೆ ಕಡೆ ತಿರುಗಿದ. ಹೊನ್ನೇಶ ಅಂಗಿಯ ಕಿಸೆಯಿಂದ ಒಂದು ಪಾಕೀಟು ತೆಗೆದು ಕಾರಿನ ಡಬ್ಬಿಯೊಳಗೆ ಹಾಕುತ್ತಿದ್ದ.

“ಅದೇನ್ರಿ?” ಎಂದಳು ಕಳಕವ್ವ.

“ಅರಿಶಿಣ. ಇರ್ಲಿ ಬಿಡ್ರಿ, ಹಾದ್ಯಾಗ ಹೊತ್ತಿಗೆ ಬೇಕಾದ್ರ.”

ಏಳು ಪಾಕೀಟಿನ ಕೆಸರನ್ನು ನಾಲ್ಕು ತಾಸು ತೊಳೆದ ಕೈ ಇನ್ನೂ ಹಳದಿಯಾಗಿಯೇ ಇತ್ತು. ಥೂ ಎಂದು ಬದಿಗೆ ಉಗುಳಿ ಒಳಗೆ ಹೋದಳು.

ಹೊನ್ನೇಶ ಸುಭಾಸನ ಲೆಕ್ಕ ತೀರಿಸಲು ಹಿಂದೆ ಉಳಿದ. ಕಾರು ಹೊರಟಿತು, ಹತ್ತು ಮಾರು ಹೋಗಿ ನಿಂತಿತು. ಕಾವೇರಿ ಇಳಿದು ಓಡುತ್ತ ಬಂದಳು. ಕಳಕವ್ವನ ಕೈಯಲ್ಲಿ ಆ ಪಾಕೀಟು ಇಟ್ಟಳು.

“ಇದನ್ನ ನೀವ ಒಯ್ರಿ ಅವ್ವಾರ. ಅಪ್ಪ ನೋಡಿಲ್ಲ.” ಆಮೇಲೆ ದನಿ ಇಳಿಸಿ, “ಗಾಲಿ ಕರ್ ಕರ್ ಅಂದದ್ದು ನಾನೂ ಕೇಳೀನ್ರಿ. ನನಗ ಗೊತ್ತೈತಿ.”

“ಆತು, ಹೋಗವ್ವಾ. ಘಟ್ಟದಾಗ ಸಾವಕಾಶ ಇಳಿ. ಸೂಜಿ ಏರಿತಂದ್ರ ನಿಲ್ಲಸು, ಕುದಿಯೂದನ್ನ ಕಾಯಬ್ಯಾಡ.”

ಸಂಜೆ ಕಳಕವ್ವ ಮನೆಗೆ ಬಂದು, ಹಿತ್ತಲಿನಲ್ಲಿ ಕೂತು, ಬೂದಿ ಹಾಕಿ ಕೈ ಉಜ್ಜಿದಳು. ಆಮೇಲೆ ಸಾಬೂನು ಹಾಕಿದಳು. ಆಮೇಲೆ ಕಡಲೆಹಿಟ್ಟು. ಉಗುರಿನ ಸಂದಿನಲ್ಲಿದ್ದ ಹಳದಿಯನ್ನು ಕಡ್ಡಿಯಿಂದ ಕೆರೆದು, ಮೂಸಿ ನೋಡಿ, ಮುಖ ಕಿವುಚಿ, ಇನ್ನೊಮ್ಮೆ ತೊಳೆದಳು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ನೀಲಪ್ಪ ಕುಣಿಯಿಂದ ಎದ್ದು ಬಂದು ಗೋಡೆಗೆ ಒರಗಿ ಕೂತ.

“ಅರಿಶಿಣ ತೀರೈತಿ ಅಂತಿದ್ದಿ ಮೊನ್ನೆ” ಎಂದ.

“ಬಂದೈತಿ” ಎಂದಳು. ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದು, ಚಿಟಿಕೆ ತೆಗೆದು ಬೇಳೆಗೆ ಹಾಕಿ, ಸೌಟಿನಿಂದ ತಿರುವಿ, ರೊಟ್ಟಿಯ ಹಿಟ್ಟನ್ನು ಪರಾತಕ್ಕೆ ಸುರಿದುಕೊಂಡು ನಾದಲು ಕೂತಳು.